ಹೊಳೆ ಬರೆದವನ ಹೆಸರು

ಮೈಸೂರಿಗೆ ಬಂದು ನಾನು ಮೊದಲು ಕಳೆದುಕೊಂಡದ್ದು ಕೆಂಪು ಬಣ್ಣ. ಹತ್ತು ದಿನ ಕೂತು ಸಿನಿಮಾಕ್ಕೆಂದು ಒಂದು ಅರಮನೆಯ ಗೋಡೆ ಬರೆದಿದ್ದೆ. ಕೆಂಪು ಕಮಾನು, ಅದರ ಹಿಂದೆ ಗಿಳಿಹಸಿರು ಪರದೆ. ಗದಗಿನಲ್ಲಾದರೆ ಜನ ಸೀಟಿ ಹೊಡೆಯುವಂಥ ಕೆಲಸ. ಅದರ ಮುಂದೆ ಚಿತ್ರ ತೆಗೆದರು, ಫಿಲ್ಮು ಮದರಾಸಿಗೆ ಹೋಗಿ ತೊಳೆಸಿಕೊಂಡು ಬಂತು. ಕತ್ತರಿ ಬೀಳುವ ಮೊದಲಿನ ಆ ಹಸಿ ಫಿಲ್ಮಿಗೆ ಇಲ್ಲಿ ‘ರಷ್’ ಎನ್ನುತ್ತಾರೆ. ಸ್ಟುಡಿಯೋದ ಪುಟ್ಟ ಕೋಣೆಯಲ್ಲಿ ಅದನ್ನು ಓಡಿಸಿದಾಗ ನನ್ನ ಕಮಾನು ಕಾಣಲಿಲ್ಲ, ಪರದೆಯೂ ಕಾಣಲಿಲ್ಲ. ಕೆಂಪು, ಹಸಿರು ಎರಡೂ ಒಂದೇ ಬೂದಿಯಾಗಿ, ರಾಜ ಯಾವುದೋ ಮಾಸಿದ ಗೋಡೆಗೆ ಒರಗಿ ನಿಂತಿದ್ದ. ಮ್ಯಾನೇಜರ್ ರಾಯರು ನನ್ನತ್ತ ತಿರುಗಿ, “ಏನು ಬಸಪ್ಪನವರೇ, ಅರಮನೆ ಅಂದಿದ್ವಲ್ಲ, ಗೋದಾಮು ಬರೆದುಬಿಟ್ಟಿದ್ದೀರಲ್ಲ” ಎಂದರು. ಕಪ್ಪು-ಬಿಳುಪು ಬಿಟ್ಟು ಬೇರೆ ಬಣ್ಣ ಅರಿಯದ ಯಂತ್ರದ ಮುಂದೆ ನಾನು ಬಣ್ಣದ ಅಂಗಡಿ ತೆರೆದಿದ್ದೆ.

ಹದಿನಾರು ವರ್ಷ ನಾಟಕ ಕಂಪನಿಯಲ್ಲಿ ಪರದೆ ಬರೆದವನು ನಾನು. ನಮ್ಮ ಕಡೆಯ ರಿವಾಜು ನಿಮಗೆ ಗೊತ್ತೇ ಇದೆ. ಹೊಸ ನಾಟಕದ ಮೊದಲ ದಿನ, ನಾಂದಿ ಮುಗಿದೊಡನೆ ಮಾಲಕರೇ ಮುಂದೆ ಬಂದು, ಪೆಟ್ಟಿಗೆ ಬಾರಿಸುವವನಿಂದ ಹಿಡಿದು ಪರದೆ ಬರೆದವನವರೆಗೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ನನ್ನ ಹೆಸರು ಬಂದಾಗ ಬೆಟಗೇರಿಯ ನಮ್ಮ ಓಣಿಯವರು ಎದ್ದು ನಿಲ್ಲುತ್ತಿದ್ದರು. ಎಲ್ಲರಿಗಿಂತ ಮುಂಚೆ ಏಳುತ್ತಿದ್ದವನು ನನ್ನ ಅಣ್ಣ. ಮಗ್ಗ ನಡೆಸಿ ನನ್ನನ್ನು ಸಾಕಿದವನು ಅವನು. ಅವನ ಪಾಲಿಗೆ ನನ್ನ ಹೆಸರೇ ಒಂದು ಹಬ್ಬ. ಆಮೇಲೆ ನಮ್ಮ ಡೇರೆ ಬೀಳುತ್ತಿದ್ದ ಬಯಲಿಗೇ ಟೂರಿಂಗ್ ಟಾಕೀಸು ಬಂತು, ಎರಡು ವರ್ಷದಲ್ಲಿ ಕಂಪನಿ ಮುಚ್ಚಿತು. ನಮ್ಮ ಅನ್ನ ಕಿತ್ತವರ ಮನೆಗೇ ಕೆಲಸ ಕೇಳಲು ಹೊರಟೆ. ನಾಡು ಒಂದಾಗಿದೆ, ಇನ್ನು ಮೈಸೂರು ನಮ್ಮದೇ ಎಂದು ಭಾಷಣದಲ್ಲಿ ಕೇಳಿದ್ದೆ. ಮೈಸೂರಿಗೆ ಆ ಸಂಗತಿಯನ್ನು ಯಾರೂ ತಿಳಿಸಿದಂತಿರಲಿಲ್ಲ.

ಸ್ಟುಡಿಯೋಕ್ಕೆ ಹತ್ತಿರವೆಂದು ಜಯಲಕ್ಷ್ಮಿಪುರಂನಲ್ಲಿ ಮನೆ ಹುಡುಕಿದೆ. ನೆಟ್ಟಗಿನ ರಸ್ತೆ, ಗೇಟಿನ ಮೇಲೆ ಮಲ್ಲಿಗೆ ಬಳ್ಳಿ, ಒಳಗಿನಿಂದ ವೀಣೆ. ಒಬ್ಬ ಹಿರಿಯರು ಕೂರಿಸಿ ಕಾಫಿ ಕೊಟ್ಟರು, ಊರು ಕೇಳಿದರು, ಕೆಲಸ ಕೇಳಿದರು. ಸ್ಟುಡಿಯೋ ಎಂದೊಡನೆ, “ಸಂತೋಷ, ಬಹಳ ಸಂತೋಷ. ಮನೇಲಿ ಹೆಣ್ಣುಮಕ್ಕಳಿದ್ದಾರೆ ನೋಡಿ. ಮತ್ತೆ ಬನ್ನಿ, ಆಗಾಗ ಬರ್ತಾ ಇರಿ” ಎಂದು ಕೈಮುಗಿದರು. ಅದು ಮನೆ ಇಲ್ಲ ಎಂದದ್ದು ಅಂತ ನನಗೆ ಹೊಳೆದದ್ದು ಗೇಟು ದಾಟಿದ ಮೇಲೆ. ನಮ್ಮಲ್ಲಿ ಒಲ್ಲೆ ಎನ್ನುವವರು ಬಾಯಿಬಿಟ್ಟು ಒಲ್ಲೆ ಎನ್ನುತ್ತಾರೆ, ಬೈಯುತ್ತಾರೆ, ಬೈದ ಮೇಲೆ ಚಹಾ ಕುಡಿಸುತ್ತಾರೆ. ಇಲ್ಲಿ ಕಾಫಿ ಮೊದಲೇ ಬಂದಿರುತ್ತದೆ. ಅಂಥ ಐದು ಕಾಫಿ ಕುಡಿದು ಸಾಕಾಗಿಹೋಯಿತು.

ಕೊನೆಗೆ ಜಾಗ ಕೊಟ್ಟವನು ಸ್ಟುಡಿಯೋದ ಬಡಗಿ ಚಿಕ್ಕಣ್ಣ. ಬೋಗಾದಿಯ ಒಕ್ಕಲು ಮನೆಯವನು. ಅಪ್ಪನ ಕಾಲಕ್ಕೆ ನೇಗಿಲು ಮಾಡುತ್ತಿದ್ದ ಕೈ ಈಗ ಹಲಗೆಯ ಸಿಂಹಾಸನ ಮಾಡುತ್ತಿತ್ತು. ಹಿತ್ತಲ ಕಡೆಯ ಒಂದು ಅಂಕಣ ತೆರವು ಮಾಡಿಕೊಟ್ಟು, “ಸಿನಿಮಾದೋರಾದ್ರೇನು ಬಸಪ್ನೋರೇ, ನಾನೂ ಸಿನಿಮಾದೋನೇ ಅಲ್ವಾ. ಬಂದ್ಬುಡಿ ಅತ್ಲಾಗೆ” ಎಂದ. ನನ್ನ ಹೆಂಡತಿ ಗಂಗವ್ವ ಮೊದಲ ದಿನ ರೊಟ್ಟಿ ಬಡಿಯಲು ಕೂತಾಗ ಆ ಸದ್ದಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ನಿಂತರು. ಊರಿಂದ ತಂದ ಜೋಳದ ಹಿಟ್ಟು ತಿಂಗಳಲ್ಲಿ ಮುಗಿಯಿತು. ಚಿಕ್ಕಣ್ಣನ ತಾಯಿ ಮುದ್ದೆ, ಉಪ್ಪುಸಾರು ಬಡಿಸಿದರೆ ನಾನು ಮುದ್ದೆಯನ್ನು ಅಗಿಯುತ್ತ ಕೂತೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅಗೀಬಾರ್ದು ಕಣಪ್ಪ, ನುಂಗ್ಬೇಕು.” ಈ ಊರಿನಲ್ಲಿ ನಾನು ನುಂಗಲು ಕಲಿತ ಮೊದಲ ಪದಾರ್ಥ ಅದು.

ಬೂದಿ ಬಣ್ಣ ಕಲಿಸಿದವನೂ ಚಿಕ್ಕಣ್ಣನೇ. ಛಾಯಾಗ್ರಾಹಕರು ಕೊರಳಿಗೆ ಒಂದು ಕಂದು ಗಾಜು ಕಟ್ಟಿಕೊಂಡಿರುತ್ತಾರೆ. ಅದರೊಳಗಿಂದ ನೋಡಿದರೆ ಬಣ್ಣ ಸತ್ತು ಬರಿಯ ನೆರಳು-ಬೆಳಕು ಉಳಿಯುತ್ತದೆ. ಒಡೆದುಹೋದ ಅಂಥದೊಂದು ಗಾಜಿನ ಚೂರನ್ನು ಚಿಕ್ಕಣ್ಣ ಮರದ ಚೌಕಟ್ಟಿಗೆ ಕೂರಿಸಿ ನನಗೆ ಕೊಟ್ಟ. ಪರದೆಯಲ್ಲಿ ನಾವು ನೆರಳನ್ನೂ ಬರೆಯುತ್ತೇವಲ್ಲ, ಅದೂ ಇಲ್ಲಿ ತಪ್ಪು. “ನೀವ್ ಬಲಗಡೆ ನೆರಳು ಬರ್ದುಬುಟ್ರೆ, ಅವ್ರು ಲೈಟ್ನ ಬಲಗಡೆನೇ ಇಟ್ರೆ ಎಂಗೆ? ಕಂಬಕ್ಕೆ ಎರಡೆರಡು ನೆರಳಾಯ್ತದೆ” ಎಂದ. ಕಲಿತದ್ದನ್ನು ಒಂದೊಂದಾಗಿ ಮರೆತೆ. ಏಳು ಡಬ್ಬಿಯಲ್ಲಿ ಏಳು ಬೂದಿ ಕಲಸಿಟ್ಟುಕೊಂಡೆ. ಆರು ತಿಂಗಳಿಗೆ, ಹೊರಗೆ ಹೂಬಿಟ್ಟ ಗುಲ್‌ಮೊಹರ್ ಮರ ಕಂಡರೂ ಇದು ಮೂರನೆಯ ಡಬ್ಬಿ ಎಂದು ಮನಸ್ಸು ಲೆಕ್ಕ ಹಾಕತೊಡಗಿತು. ಅದಕ್ಕಾಗಿ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಆ ವರ್ಷದ ಚಿತ್ರದಲ್ಲಿ ನಾಯಕಿ ಹೊಳೆಯ ದಂಡೆಯಲ್ಲಿ ಕಾಯುವ ದೃಶ್ಯವಿತ್ತು. ಮಳೆಗೆ ಕಾವೇರಿ ಕೆಸರಾಗಿ ಉಕ್ಕಿ, ಹೊರಗೆ ಚಿತ್ರ ತೆಗೆಯುವುದು ನಿಂತಿತು. ಕಲಾ ನಿರ್ದೇಶಕರು ಮದರಾಸಿನವರು, ಕೈಯಲ್ಲಿ ನಾಲ್ಕು ಚಿತ್ರ ಇಟ್ಟುಕೊಂಡವರು. ತಂತಿ ಹೊಡೆದರೂ ಬರಲಿಲ್ಲ. ರಾಯರು ನನ್ನನ್ನು ಕರೆದು, “ಹೊಳೆ ಬರೀತೀರಾ? ನಿಮ್ಮ ಹೆಸರು ಟೈಟಲ್‌ನಲ್ಲಿ ಹಾಕಿಸ್ತೀನಿ, ನನ್ನ ಮಾತು” ಎಂದರು. ಸಿನಿಮಾ ಶುರುವಾಗುವ ಮುನ್ನ ತೆರೆಯ ಮೇಲೆ ಬರುವ ಹೆಸರುಗಳಿಗೆ ಟೈಟಲ್ ಎನ್ನುತ್ತಾರೆ. ನಮ್ಮ ಮಾಲಕರ ಕೂಗಿನ ಜಾಗದಲ್ಲಿ ಇಲ್ಲಿ ಇರುವುದು ಅದೊಂದೇ. ನಾನು ಅಂದೇ ಅಣ್ಣನಿಗೆ ಕಾಗದ ಬರೆದೆ: ಹೊಳೆ ಬರೆಯುತ್ತಿದ್ದೇನೆ, ಹೆಸರು ಬರುತ್ತದೆ, ಓಣಿಯವರಿಗೆಲ್ಲ ಹೇಳು.

ನಲವತ್ತಡಿ ಬಟ್ಟೆಯ ಮೇಲೆ, ಏಳು ಬೂದಿಯಲ್ಲಿ, ಹೊಳೆ ಬರೆದೆ. ನೀರಿನ ಮೇಲೆ ಬೆಳಕು ಅಲುಗಬೇಕಾದಲ್ಲಿ ಬಟ್ಟೆಯನ್ನು ಸೀಳಿ, ಹಿಂದೆ ತಗಡಿನ ಪಟ್ಟಿ ಕಟ್ಟಿ, ಚಿಕ್ಕಣ್ಣ ದಾರದಿಂದ ಎಳೆದ. ರಷ್ ನೋಡಿದ ದಿನ ಛಾಯಾಗ್ರಾಹಕರು ಎದ್ದು ಬಂದು ನನ್ನ ಕೈ ಹಿಡಿದರು. ಮೈಸೂರಿನಲ್ಲಿ ನಾನು ನಿಜವಾಗಿ ಗೆದ್ದ ದಿನ ಅದೊಂದೇ, ಅದನ್ನು ಮುಚ್ಚಿಡಲಾರೆ.

ಚಿತ್ರ ಮುಗಿಯಿತು. ನನ್ನ ಅಕ್ಷರ ದುಂಡಗಿದೆ ಎಂದು ಟೈಟಲ್ ಬರೆಯುವ ಕೆಲಸವನ್ನೂ ನನಗೇ ಕೊಟ್ಟರು. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದರೆ ಅದರದೇ ಚಿತ್ರ ತೆಗೆಯುತ್ತಾರೆ. ರಾಯರು ಕೊಟ್ಟ ಪಟ್ಟಿಯಲ್ಲಿ ಕಲೆ ಎಂಬುದರ ಎದುರಿಗೆ ಮದರಾಸಿನವರ ಹೆಸರೊಂದೇ ಇತ್ತು. ಕೇಳಿದೆ. ರಾಯರು ಕನ್ನಡಕ ಒರೆಸಿಕೊಂಡರು. “ಅವರ ಕಾಂಟ್ರಾಕ್ಟಿನಲ್ಲಿ ಒಬ್ಬರದೇ ಹೆಸರು ಅಂತಿದೆ ಕಣ್ರೀ. ನನಗೇನು ಬೇಜಾರಿಲ್ಲವೇ? ಮುಂದಿನ ಚಿತ್ರದಲ್ಲಿ ನೋಡೋಣ, ಖಂಡಿತ ನೋಡೋಣ.” ಜಯಲಕ್ಷ್ಮಿಪುರಂನ ಗೇಟು ನೆನಪಾಯಿತು.

ಮನೆಗೆ ಬಂದು ಹೇಳಿದರೆ ಗಂಗವ್ವ, “ಅವರನ್ನ ಯಾಕ ಕೇಳಾಕ ಹೋದ್ರಿ? ಕುಂಚ ನಿಮ್ಮ ಕೈಯಾಗ ಐತಿ. ಸುಮ್ಮ ಬರದು ಬಿಡ್ರಿ” ಎಂದಳು. ಮರುದಿನ ಮದರಾಸಿನವರ ಹೆಸರು ದಪ್ಪಗೆ ಬರೆದೆ. ಕೆಳಗೆ, ಸಣ್ಣಗೆ, ಹಿನ್ನೆಲೆ ಚಿತ್ರ ಎಂದು ನನ್ನ ಹೆಸರು ಬರೆದೆ. ಚಿಕ್ಕಣ್ಣ ಹತ್ತಿರ ಬಂದು ನೋಡಿದ. “ಚೆಂದಾಗದೆ ಬಸಪ್ನೋರೇ” ಎಂದು ಹೇಳಿ ಉಳಿ ಮಸೆಯಲು ಹೋದ. ಹೊಳೆಯ ನೀರು ಅಲುಗಿಸಿದವನ ಹೆಸರನ್ನು ನಾನೂ ಬಿಟ್ಟಿದ್ದೆ. ಅದು ಹೊಳೆದದ್ದು ಬಣ್ಣ ಆರಿದ ಮೇಲೆ, ಆಗಲೂ ಕುಂಚ ಎತ್ತಿಕೊಳ್ಳಲಿಲ್ಲ.

ಹಲಗೆಯ ಚಿತ್ರ ತೆಗೆಯುವ ಮೊದಲು ರಾಯರು ಬಂದು ಒಂದೊಂದನ್ನೂ ಓದಿದರು. ನನ್ನ ಸಾಲಿನ ಹತ್ತಿರ ನಿಂತರು. ಗದರಿಸಲಿಲ್ಲ. ಕಪ್ಪು ಬಣ್ಣದ ಡಬ್ಬಿಯನ್ನು ತಾವೇ ತಂದು ನನ್ನ ಪಕ್ಕದಲ್ಲಿಟ್ಟು, “ನೀವೇ ಅಳಿಸಿ, ನಾನು ಹೇಳಿದೆ ಅಂತಾಗೋದು ಬೇಡ” ಎಂದರು. ಬೇರೆಯವರು ಅಳಿಸಿದ್ದರೆ ಜಗಳವಾದರೂ ಆಡುತ್ತಿದ್ದೆ. ನನ್ನ ಹೆಸರಿನ ಮೇಲೆ ನಾನೇ ಎರಡು ಸಲ ಕಪ್ಪು ಬಳಿದೆ. ಮೊದಲ ಸಲಕ್ಕೆ ಬಿಳಿ ಇನ್ನೂ ಕಾಣುತ್ತಿತ್ತು.

ಆವತ್ತೇ ಅಣ್ಣನಿಗೆ ಕಾಗದ ಹಾಕಬೇಕಿತ್ತು. ಬರೆಯಲು ಕೂತೆ, ಆಗಲಿಲ್ಲ. ನಾಲ್ಕು ತಿಂಗಳ ಮೇಲೆ ಚಿತ್ರ ಗದಗಿಗೆ ಹೋಯಿತು, ಅಣ್ಣನ ಕಾಗದ ಬಂತು:

“ತಮ್ಮಾ, ಎಲ್ಲಾರೂ ಮಗ್ಗ ನಿಲ್ಲಿಸಿ ಹೋಗಿದ್ವಿ. ಓಣಿ ಪೂರಾ ಬಂದಿತ್ತು. ನಿನ್ನ ಹೆಸರ ನನಗ ಕಾಣಲಿಲ್ಲ. ನನ್ನ ಓದು ನಿಧಾನ, ನಿನಗ ಗೊತ್ತಲ್ಲ. ನಾವು ಒಳಗ ಹೋಗೂದು ತಡ ಆತೋ ಏನೋ. ಮರುದಿನ ಹೋದರ ಸಿನಿಮಾನೇ ಎತ್ತಿಬಿಟ್ಟಿದ್ದರು. ನೀ ಹೊಳಿ ಬರದೀನಿ ಅಂದಿದ್ದಿ, ಅದೂ ಕಾಣಲಿಲ್ಲ, ಖರೇ ಹೊಳೀನ ತೋರಿಸಿದರು. ಹೆಸರ ಬಂದಿತ್ತೋ ಇಲ್ಲೋ ಬರಿ. ಓಣ್ಯಾಗ ಕೇಳಾಕತ್ಯಾರ.”

ಖರೇ ಹೊಳೆ ಎಂದು ಅವನು ಬರೆದದ್ದನ್ನು ಎಷ್ಟು ಸಲ ಓದಿದೆನೋ. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ, ಅಷ್ಟು ನೋವೂ ಯಾವ ಬೈಗುಳದಿಂದಲೂ ಆಗಿಲ್ಲ. ಒಂದು ಕಾರ್ಡು ತೆಗೆದು ಮರುಟಪಾಲಿಗೆ ಬರೆದೆ: ಹೆಸರು ಬಂದಿತ್ತು, ನೀನೇ ತಡ ಮಾಡಿದಿ.

ಅದಾಗಿ ಮೂರು ವರ್ಷ. ಈಗ ಗಂಗವ್ವ ನನಗಿಂತ ಚೆನ್ನಾಗಿ ಮುದ್ದೆ ನುಂಗುತ್ತಾಳೆ. ಮೇಟಗಳ್ಳಿಯ ಕಾರ್ಖಾನೆಯೊಂದರ ಗೋಡೆಗೆ ದೊಡ್ಡ ಅಕ್ಷರ ಬರೆಯುವ ಕೆಲಸವೂ ಸಿಕ್ಕಿದೆ. ಹಾಗಿದ್ದೂ ಸ್ಟುಡಿಯೋದಲ್ಲಿ ನಾನು ಇನ್ನೂ ‘ಧಾರವಾಡದ ಕಡೆಯ ಪೇಂಟರ್’. ಗದಗಿಗೆ ಹೋಗಿಲ್ಲ. ರಜೆ ಇಲ್ಲವೆಂದು ಬರೆಯುತ್ತೇನೆ, ರಜೆ ಇರುತ್ತದೆ. ಹೋದ ದಸರೆಗೆ ಬಂದಿದ್ದ ಗಂಗವ್ವನ ತಮ್ಮ ಊಟಕ್ಕೆ ಕೂತವನು ನಗುತ್ತ ಹೇಳಿದ: “ನಿಮ್ಮ ಅಣ್ಣಾರು ಈಗ ಯಾವ ಸಿನಿಮಾ ಬಂದರೂ ಒಂದು ತಾಸು ಮೊದಲ ಹೋಗಿ ಬಾಗಿಲದಾಗ ನಿಂತಿರ್ತಾರ್ರಿ. ತಮ್ಮನ ಹೆಸರ ಬರೂ ದಿವಸ ಓಣೀನೆಲ್ಲಾ ನಾನ ತಡ ಮಾಡಿಸಿದೆ ಅಂತ ಎಲ್ಲಾರ ಮುಂದ ತಪ್ಪ ಒಪ್ಪಿಕೋತಾರ.”

ಇಲ್ಲಿಯ ಸಂಗತಿಗಳನ್ನು ಬರೆದು ಕಳಿಸಿ ಎಂದು ನಮ್ಮ ಕಡೆಯ ಪತ್ರಿಕೆಯವರು ಕೇಳಿದಾಗ ಮೈಸೂರಿನ ಬೀದಿ, ಸ್ಟುಡಿಯೋದ ದೀಪ ಬರೆದರಾಯಿತು ಎಂದುಕೊಂಡಿದ್ದೆ. ಆದರೆ ಈ ಪತ್ರಿಕೆ ಬೆಟಗೇರಿಗೂ ಹೋಗುತ್ತದೆ, ಅಣ್ಣ ನಿಧಾನವಾಗಿಯಾದರೂ ಕೊನೆಯ ಸಾಲಿನವರೆಗೆ ಓದುತ್ತಾನೆ. ಅಣ್ಣಾ, ನೀನು ಅಂದು ಹೊತ್ತಿಗೆ ಸರಿಯಾಗಿಯೇ ಹೋಗಿದ್ದಿ.