ಅಮಾವಾಸ್ಯೆ ದಿನ ವರ್ಬ್ ಒಪ್ಪಿಸದ ನನ್ನ ಗೆಳೆಯ

ನಂಬುವುದು ಹೇಗೆ...
ನಮ್ಮ ಮಲ್ಲಣ್ಣ ಮೇಷ್ಟ್ರು ಹೋಗಿಬಿಟ್ಟರಂತೆ.
ಬೆಳಿಗ್ಗೆ ಸೇಲಂನಿಂದ ನನ್ನ ಮಲ್ಲನ ಮಗಳ ಫೋನ್ ಬಂತು.

ಫ್ರೆಂಡ್ಸ್, ನನಗೂ ವಯಸ್ಸು ನೂರರ ಹತ್ತಿರ.
ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಮೊಬೈಲೇ ಬರೆದುಕೊಳ್ಳುತ್ತಿದೆ.
ತಪ್ಪಿದ್ದರೆ ಅದಕ್ಕೇ ಬೈಯಿರಿ.

ಮೂವತ್ತರ ದಶಕದ ಕೊನೆ...
ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಿಂದ ಇಂಗ್ಲಿಷ್ ಸ್ಕೂಲಿಗೆ ಹೋಗುತ್ತಿದ್ದವರು ನಾವಿಬ್ಬರೇ.
ವರ್ಬ್ ಒಪ್ಪಿಸುವಾಗ ಗೋ, ವೆಂಟ್ ತನಕ ಮಲ್ಲ ಹುಲಿ.
ಮೂರನೆಯದು, ಆ ಪಾಸ್ಟ್ ಪಾರ್ಟಿಸಿಪಲ್ ಬಂತೆಂದರೆ ಇಲಿ.
ಅವರಪ್ಪ ಕಡ್ಡಿ ಮುರಿದಂತೆ ಹೇಳಿದರು.
"ಈ ಸಲ ಫೇಲಾದ್ರೆ ಇಸ್ಕೂಲು ಸಾಕು. ಬಂದು ಮಗ್ಗಕ್ಕೆ ಕೂತ್ಕ."

ಕೊನೆಗೆ ಮಗ್ಗದಲ್ಲೇ ದಾರಿ ಸಿಕ್ಕಿತು.
ಕಾಲಲ್ಲಿ ತುಳಿದರೆ ಗೋ...
ಲಾಳಿ ಎಸೆದರೆ ವೆಂಟ್...
ಹಲಗೆ ಬಡಿದರೆ ಗಾನ್!
ಆಮೇಲೆ ಕ್ಲಾಸಿನಲ್ಲೂ ಹಾಗೇ ಕಾಲಾಡಿಸುತ್ತಲೇ ಒಪ್ಪಿಸುತ್ತಿದ್ದ.

ಪರೀಕ್ಷೆ ಬಂದದ್ದು ಅಮಾವಾಸ್ಯೆಯ ದಿನ.
ಅವತ್ತು ನಮ್ಮವರು ಮಗ್ಗ ಮುಟ್ಟುವ ಹಾಗಿಲ್ಲ.
ಕಾಲಾಡಿಸಿದರೂ ಮಗ್ಗ ತುಳಿದಂತೆಯೇ ಎಂದು ಇವನ ಲೆಕ್ಕ!
ಕಾಲು ಜೋಡಿಸಿ ನಿಂತ. ತುಟಿ ಪಿಟಕ್ಕೆನ್ನಲಿಲ್ಲ.
ಸಾರ್ ಬೆತ್ತ ಎತ್ತಿದರು...
ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ವಿಷಯ ಹೇಳಿದೆ.
ತಮಿಳಿನವರು ಅವರು. ಒಂದು ಗಳಿಗೆ ಅವನ ಕಾಲನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.
"ಸರಿ, ನಾಳೈಕ್ಕು ವಾಡಾ" ಎಂದು ನಾಳೆಗೆ ಬರಹೇಳಿ ಬೆತ್ತ ಕೆಳಗಿಟ್ಟರು.
ಮರುದಿನ ಕಾಲು ಕುಣಿಯಿತು, ಬಾಯಿ ಹರಿಯಿತು. ಪಾಸ್!

ಲೇ ಮಲ್ಲ...
ಅವತ್ತು ಬೀದಿಯುದ್ದಕ್ಕೂ ನನ್ನ ಕೈ ಎಳೆದುಕೊಂಡು ಓಡಿದೆಯಲ್ಲ...
"ಬುಟ್ರು ಕಣ್ಲಾ! ಅಪ್ಪ ಓದಾಕೆ ಬುಟ್ರು!"
ಮುಂದೆ ನೀನೇ ಇಂಗ್ಲಿಷ್ ಮೇಷ್ಟ್ರಾದೆ. ಯಾವ ಹುಡುಗ ಕಾಲಾಡಿಸಿದರೂ ಗದರಿದವನಲ್ಲ.

ಈ ವರ್ಷವೆಲ್ಲ ನೀನು ಹಾಸಿಗೆ ಹಿಡಿದು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ.
ಹೋದ ವಾರ ಬಂದಾಗ ನೋವಿಗೆ ನನ್ನ ಗುರುತೂ ಸಿಗಲಿಲ್ಲ ನಿನಗೆ.
ಇವನನ್ನು ಬೇಗ ಬಿಡಿಸಪ್ಪಾ ಎಂದು ದೇವರಿಗೆ ಕೈ ಮುಗಿದಿದ್ದೆ...
"ನಿದ್ದೇಲೇ ಹೋದ್ರು ಮಾಮ, ಮುಖದಾಗೆ ನೋವೇ ಇರ್ಲಿಲ್ಲ" ಎಂದಳು ನಿನ್ನ ಮಗಳು.
ಅತ್ತುಬಿಟ್ಟೆ ಕಣೋ. ಸುಳ್ಳೇಕೆ, ಅತ್ತ ಮೇಲೆ ಎದೆ ಹಗುರಾಯಿತು.
ಬಹಳ ದಿನಕ್ಕೆ ಇವತ್ತು ಹೊಟ್ಟೆ ತುಂಬ ಉಂಡೆ.

ನಿನ್ನ ಜೀವ ತಣ್ಣಗಿರಲಿ, ಗೆಳೆಯಾ.
ನಾನು ಬರುವುದೂ ತಡವಿಲ್ಲ... ಪಕ್ಕದಲ್ಲಿ ಜಾಗ ಹಿಡಿದಿರು.
🙏