ದಾಟದ ಮೊಲ

ಪೇಟೆ ಬೀದಿಯಲ್ಲಿ ಅವನನ್ನು ಎಲ್ಲರೂ ಟಾಪ್ ಟೆನ್ ಎಂದೇ ಕರೆಯುತ್ತಿದ್ದರು. ಟಿವಿ, ರೇಡಿಯೋ, ವಿಡಿಯೋ ಗೇಮ್ ಮಾರುವ ಅಂಗಡಿಯಲ್ಲಿ ಅವನು ಹಳೆಯ ಸೇಲ್ಸ್‌ಮನ್. ಸೇರಿದ ಹೊಸದರಲ್ಲಿ ಗಿರಾಕಿಗಳ ಮನೆಗೆ ಟಿವಿ ಹೊತ್ತು ಮುಟ್ಟಿಸುತ್ತಿದ್ದ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಯಜಮಾನರು ಕಂಡುಕೊಂಡ ಮೇಲೆ ಕೌಂಟರಿನ ಹಿಂದಕ್ಕೆ ಬಂದ. ಬಾಗಿಲ ಬಳಿಯ ಕರಿಹಲಗೆಯ ಮೇಲೆ ಪ್ರತಿ ಸೋಮವಾರ, ಅತಿ ಹೆಚ್ಚು ಮಾರಾಟವಾದ ಹತ್ತು ಆಟಗಳ ಹೆಸರು ಬರೆಯುವುದು ಅವನ ಪಾಲಿನ ಕೆಲಸ. ಬಂದವರು ಕಪಾಟಿನ ಕ್ಯಾಸೆಟ್ ನೋಡುತ್ತಿರಲಿಲ್ಲ, ಹಲಗೆ ನೋಡುತ್ತಿದ್ದರು. ಮೊದಲನೆಯದನ್ನೇ ಕೊಡಿ ಎನ್ನುತ್ತಿದ್ದರು.

ಹಲಗೆಯ ಕೆಳಗಿನ ಒಂಬತ್ತು ಸಾಲು ನಿಜ. ಮೇಲಿನ ಒಂದು ಸಾಲು ಯಜಮಾನರದು. ಜನ ಮುಗಿಬೀಳುತ್ತಿದ್ದದ್ದು ಕಾರ್ ರೇಸಿಗೆ, ಕೋಟೆ ಹತ್ತುವ ಆಟಕ್ಕೆ. ಆ ಪೆಟ್ಟಿಗೆಗಳು ಬೇಕೆಂದರೆ ಯಾರೂ ಕೇಳದ ಇನ್ನೊಂದು ಆಟದ ಪೆಟ್ಟಿಗೆಯನ್ನೂ ಹೊತ್ತುಕೊಳ್ಳಬೇಕೆಂಬುದು ಸಗಟು ವ್ಯಾಪಾರಿಯ ಷರತ್ತು. ಆ ಸಲ ಗಂಟುಬಿದ್ದದ್ದು ಮೊಲದ ಆಟ. ಹೊಳೆಯಲ್ಲಿ ತೇಲುವ ದಿಮ್ಮಿಗಳ ಮೇಲೆ ನೆಗೆಯುತ್ತ ಮೊಲ ಆಚೆ ದಡ ಸೇರಬೇಕು. ಮಾಡಿದವರು ಯಾವ ಅವಸರದಲ್ಲಿದ್ದರೋ, ಮೂರನೆಯ ದಿಮ್ಮಿ ಮೊಲದ ನೆಗೆತಕ್ಕೆ ಎಟುಕುವುದೇ ಇಲ್ಲ. ಅಂಗಡಿಯವರೆಲ್ಲ ಒಂದೊಂದು ಕೈ ನೋಡಿ ರಿಮೋಟು ಕೆಳಗಿಟ್ಟರು.

"ಈ ಮುಳುಗೋ ಮೊಲಾನ ಮೇಲಕ್ಕೆ ಹಾಕಪ್ಪ," ಎಂದರು ಯಜಮಾನರು. "ಹಲಗೆ ಮೇಲಾದ್ರೂ ತೇಲಲಿ."

ಎಲ್ಲರೂ ನಕ್ಕರು. ಅವನೂ ನಕ್ಕು, ಮೊದಲ ಸಾಲಿನಲ್ಲಿ ಮೊಲವನ್ನು ಬರೆದ.

ಮನೆಯಲ್ಲಿ ಅವನು, ಹೆಂಡತಿ ಮತ್ತು ಮಾವ. ಮಾವ ಊರಿಗೆ ಗೊತ್ತಿದ್ದ ದರ್ಜಿ. ಲಕ್ವ ಹೊಡೆದು ಬಲಗೈ ಸೋತ ಮೇಲೆ ಅಂಗಡಿ ಮುಚ್ಚಿ, ಹೊಲಿಗೆ ಯಂತ್ರವೊಂದನ್ನು ಜೊತೆಗೆ ತಂದುಕೊಂಡು ಮಗಳ ಮನೆಗೆ ಬಂದಿದ್ದರು. ಬೆರಳುಗಳಿಗೆ ಕೆಲಸ ಕೊಡುತ್ತಿರಿ, ಬಿಟ್ಟರೆ ಕೂತುಬಿಡುತ್ತವೆ ಎಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಅಳಿಯನ ಹಳೆಯ ಗೇಮ್ ಸೆಟ್ಟು ಧೂಳು ತಿನ್ನುತ್ತಿತ್ತು. ಒಂದು ದಿನ, ಅಳಿಯನಿಗೆ ರಜೆಯಿದ್ದಾಗ, ಮಾವ ಔಷಧಿ ತರುತ್ತೇನೆಂದು ಹೋಗಿ ಅವನ ಅಂಗಡಿಯಿಂದಲೇ ಮೊಲವನ್ನು ಕೊಂಡು ತಂದರು.

"ನಾನ್ಯಾರು ಅಂತ ಹೇಳ್ಲೇ ಇಲ್ಲ ಅಳಿಯಂದಿರೇ," ಎಂದರು, ಡಬ್ಬ ಬಿಚ್ಚುತ್ತ. "ಹಲಗೆ ನೋಡಿದೆ, ಮೊದಲನೇದು ಕೊಡಿ ಅಂದೆ. ನಿಮ್ಮ ಅಕ್ಷರ ನಂಗೆ ಗೊತ್ತಾಗಲ್ವಾ?"

ಅವನ ಮುಖ ಸಪ್ಪಗಾಯಿತು. "ಒಳ್ಳೇದು ಮಾವ," ಎಂದಷ್ಟೇ ಹೇಳಿದ.

ಅಂದಿನಿಂದ ಮಧ್ಯಾಹ್ನಗಳು ಮೊಲದ ಪಾಲಾದವು. ಮೊಲ ಎರಡು ದಿಮ್ಮಿ ದಾಟಿ ಮೂರನೆಯದಕ್ಕೆ ನೆಗೆಯುವುದು, ನೀರಿಗೆ ಬೀಳುವುದು. ಮಾವ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಮೊದಲಿಂದ ಹಿಡಿಯುವುದು. ಮಗಳು ಅಡುಗೆಮನೆಯಿಂದ ಕೆಣಕುತ್ತಿದ್ದಳು: "ಅಪ್ಪ, ಆ ಮೊಲಕ್ಕೆ ಶೀತ ಆಗಿರತ್ತೆ, ಸ್ವಲ್ಪ ಹೊತ್ತು ಒಣಗೋಕೆ ಬಿಡು."

ಅಳಿಯ ಹೇಗೋ ತೇಪೆ ಹಾಕಲು ನೋಡಿದ. ಕಾರ್ ರೇಸ್ ತಂದಿಟ್ಟ. ಮಾವ ಅದನ್ನು ಮುಟ್ಟಲಿಲ್ಲ. "ಒಂದು ಅಂಗಿ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದವನಲ್ಲ ನಾನು."

"ಇದು ಸ್ವಲ್ಪ ಕಷ್ಟದ ಆಟ, ಮಾವ."

"ಕಷ್ಟ ಏನು ಬಂತು? ಇಷ್ಟು ಜನ ಕೊಂಡುಕೊಂಡು ಆಡ್ತಿಲ್ವಾ."

ಅವನು ಕಾರ್ ರೇಸನ್ನು ಮತ್ತೆ ಡಬ್ಬಕ್ಕೆ ಹಾಕಿಟ್ಟ. ಮಾವ ಕಂಡಕಂಡವರ ಮುಂದೆ ಅಳಿಯನನ್ನು ಹೊಗಳುತ್ತಿದ್ದರು. ಊರವರು ಅವನ ಅಕ್ಷರ ನಂಬಿ ಸಾಮಾನು ಕೊಳ್ಳುತ್ತಾರೆ ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಅವನು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಿದ್ದ. ಸೋಮವಾರ ಬಂದರೆ ಮೊಲವನ್ನೇ ಮತ್ತೆ ಬರೆಯುತ್ತಿದ್ದ.

ಒಂದು ಶನಿವಾರ ಊಟಕ್ಕೆ ಕೂತಾಗ ಮಾವ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಾಳೆ ನನ್ನ ಶಿಷ್ಯೆ ಬರ್ತಾಳೆ. ಮಿಷನ್ನು ಅವಳಿಗೆ ಕೊಟ್ಬಿಡ್ತೀನಿ."

ಅವರ ಬಳಿ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಟ್ಟುಕೊಂಡಿದ್ದವಳು ಆ ಶಿಷ್ಯೆ. ಮಗಳು ಸೌಟು ಹಿಡಿದು ನಿಂತೇ ಇದ್ದಳು. "ಡಾಕ್ಟರು ಕೈ ಬರತ್ತೆ ಅಂದಿದ್ರಲ್ಲಪ್ಪ."

"ಡಾಕ್ಟರು ಅಂದಿದ್ರು. ನಾನು ನೋಡ್ಕೊಂಡೆ. ಊರೋರೆಲ್ಲ ಆಡೋ ಆಟ ನನ್ನ ಕೈಲಾಗ್ಲಿಲ್ಲ, ಇನ್ನು ಯಾರ ಬಟ್ಟೆ ಹಾಳು ಮಾಡ್ಲಿ? ಈ ಕೈ ಮುಗೀತು ಕಣಮ್ಮ."

ಅಳಿಯ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ಭಾನುವಾರ ಬೆಳಿಗ್ಗೆ ಮಾವ ಕಿಟಕಿಯ ಬಳಿ ಕೂತು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಳಿಯ ಎದುರಿಗೆ ಬಂದು ನಿಂತ.

"ಮಾವ, ಆ ಮೊಲ ದಾಟಲ್ಲ."

"ಗೊತ್ತಲ್ಲ. ನನ್ನ ಕೈಲಿ ದಾಟಲ್ಲ."

"ಯಾರ ಕೈಲೂ ದಾಟಲ್ಲ. ನಾನೂ ನೋಡಿದೀನಿ. ಆಟವೇ ಕೆಟ್ಟಿದ್ದು. ಮಾರಾಟ ಆಗದೆ ಬಿದ್ದಿತ್ತು, ಸಾಗಹಾಕೋಕೆ ಮೇಲೆ ಹಾಕಿದ್ವಿ."

"ಮೊದಲನೇದು ಅಂತ ಬರೆದಿತ್ತು."

"ನಾನೇ ಬರೆದಿದ್ದು."

"ನೀವು ಬರೆದಿದ್ದು ಅಂತಾನೇ ತಗೊಂಡೆ," ಎಂದರು ಮಾವ.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವರು ಎಣ್ಣೆಯ ಬೆರಳುಗಳನ್ನು ಚಿಂದಿಗೆ ಒಂದೊಂದಾಗಿ ಒರೆಸಿಕೊಂಡರು.

"ಯಾರೂ ವಾಪಸ್ ತಂದ್ಕೊಡ್ಲಿಲ್ವಾ?"

"ಇಲ್ಲ, ಮಾವ."

"ಹೇಗೆ ತರ್ತಾರೆ? ಊರಿಗೆಲ್ಲ ಬರೋದು ನಂಗೊಬ್ಬನಿಗೆ ಬರ್ತಿಲ್ಲ ಅಂತ ಅಂಗಡಿ ಬಾಗಿಲಿಗೆ ಬಂದು ಯಾರು ಹೇಳ್ತಾರೆ?"

ಆ ಮಾತು ಅವನಿಗೆ ಅದುವರೆಗೆ ಹೊಳೆದಿರಲೇ ಇಲ್ಲ. ವಾಪಸ್ ಬಾರದಿದ್ದುದನ್ನು ಅಂಗಡಿಯಲ್ಲಿ ಎಲ್ಲರೂ ಅದೃಷ್ಟವೆಂದುಕೊಂಡಿದ್ದರು.

ಅಷ್ಟರಲ್ಲಿ ಶಿಷ್ಯೆ ಒಳಗೆ ಬಂದಳು. ಹೊರಗೆ ಸಾಮಾನಿನ ಆಟೋ ಸದ್ದು ಮಾಡುತ್ತ ನಿಂತಿತ್ತು. "ಗುರುಗಳೇ, ಎಲ್ಲಿ ಮನಸ್ಸು ಬದಲಾಯಿಸಿಬಿಡ್ತೀರೋ ಅಂತ ತಿಂಡೀನೂ ತಿನ್ನದೆ ಓಡಿ ಬಂದೆ."

"ಬದಲಾಯಿಸ್ಬಿಟ್ಟೆ ಕಣಮ್ಮ. ತಿಂಡಿ ಇಲ್ಲೇ ತಿನ್ನು."

ಮಗಳು ಸೆರಗಿಗೆ ಕೈ ಒರೆಸುತ್ತ ಹಿತ್ತಲಿಂದ ಬಂದಳು. "ಯಾಕಪ್ಪ? ಇದ್ದಕ್ಕಿದ್ದ ಹಾಗೆ?"

ಮಾವ ಅಳಿಯನ ಮುಖವನ್ನೊಮ್ಮೆ ನೋಡಿದರು.

"ಅಳಿಯಂದಿರು ಬೇಡ ಅಂದ್ರು. ನಿಮ್ಮ ಕೈಗೇನೂ ಆಗಿಲ್ಲ, ಕೊಡಬೇಡಿ ಅಂತ ಎದುರಿಗೆ ಬಂದು ನಿಂತುಬಿಟ್ರು."

"ಪುಣ್ಯ ಮಾಡಿದ್ರಿ ಗುರುಗಳೇ," ಎಂದಳು ಶಿಷ್ಯೆ. "ನಮ್ಮನೇಲೂ ಒಬ್ಬ ಅಳಿಯ ಇದಾನೆ. ಬಂದರೆ ಟಿವಿ, ಎದ್ದರೆ ಊಟ." ಆಟೋದವನನ್ನು ಕಳಿಸಿಬರಲು ಅವಳು ಹೊರಗೆ ಹೋದಳು.

ಹೆಂಡತಿ ಅವನತ್ತ ನೋಡಿದಳು. ಮದುವೆಯ ಹೊಸದರಲ್ಲಿ ನೋಡುತ್ತಿದ್ದ ಹಾಗೆ. "ಒಂದು ಮಾತೂ ಹೇಳ್ಲಿಲ್ಲ ನೋಡಿ ನಂಗೆ," ಎಂದಳು ಮೆಲ್ಲಗೆ. ಅವನು ಗೋಡೆ ನೋಡಿದ. ಬೈಗುಳವನ್ನಾದರೆ ತಡೆದುಕೊಳ್ಳಬಹುದಿತ್ತು, ಈ ನೋಟವನ್ನು ತಡೆಯಲಾಗಲಿಲ್ಲ.

ಮಾವ ಕುರ್ಚಿ ಎಳೆದುಕೊಂಡು ಸೂಜಿಗೆ ದಾರ ಪೋಣಿಸಲು ಕೂತರು. ದಾರ ಆಚೀಚೆ ಜಾರಿ, ಕೊನೆಗೆ ಒಳಹೊಕ್ಕಿತು. ಹಳೆಯ ದಿಂಬಿನ ಬಟ್ಟೆಯೊಂದನ್ನು ಇಟ್ಟು ಪೆಡಲ್ ತುಳಿದರು. ಹೊಲಿಗೆ ನೆಟ್ಟಗೆ ಹೊರಟು, ನಡುವೆ ಸೊಟ್ಟಗಾಯಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನನ್ನ ಕೈಯ ತಪ್ಪೇ," ಎಂದರು. "ಬಿಚ್ಚಿ ಹೊಲೀಬಹುದು. ಆ ತುದಿ ಹಿಡ್ಕೊಳ್ಳಿ ಅಳಿಯಂದಿರೇ."

ಅವನು ಬಟ್ಟೆಯ ತುದಿ ಹಿಡಿದು ನಿಂತ. ಮಾವ ತಲೆ ಬಗ್ಗಿಸಿ ಒಂದೊಂದೇ ಹೊಲಿಗೆ ಬಿಚ್ಚುತ್ತ ಬಂದರು. ಅವರು ತಲೆ ಎತ್ತಿದೊಡನೆ ಇನ್ನೊಂದು ಕಡೆಗೆ ನೋಡಬೇಕೆಂದು ಅವನು ಕಾಯುತ್ತಿದ್ದ.