ಬೇವು ಕಲಸಿದ ಹಲ್ಲಿನ ಸೆಟ್ಟು

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಒಮ್ಮೆ ವಿಜ್ಞಾನಿಯಾಗಿದ್ದೆ. ಆ ಪದವಿ ಹೆಚ್ಚು ದಿನ ಉಳಿಯಲಿಲ್ಲ. ಉಳಿದಷ್ಟು ದಿನ ಅದನ್ನು ಅಕ್ಕನ ಬಾಯಿ ಅನುಭವಿಸಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂದಗಿ ಬಸ್ ನಿಲ್ದಾಣದ ಹಿಂದಿನ ಒಂದು ಖೋಲಿಯಲ್ಲಿ ನಾನು ಹಲ್ಲಿನ ಸೆಟ್ಟು ತಯಾರಿಸುತ್ತಿದ್ದೆ. ಡಾಕ್ಟರರು ಬಾಯಿಯ ಅಚ್ಚು ಕಳಿಸುತ್ತಿದ್ದರು. ನಾನು ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿಯನ್ನು ಅದರ ದ್ರವದಲ್ಲಿ ಕಲಸಿ, ಒತ್ತಿ, ಕುದಿಸಿ, ಉಜ್ಜಿ ಹೊಳಪು ಕೊಡುತ್ತಿದ್ದೆ. ತಾಂಬಾದಲ್ಲಿದ್ದ ಅಕ್ಕನಿಗೂ ನಾನೇ ಸೆಟ್ಟು ಮಾಡಿಕೊಟ್ಟಿದ್ದೆ. ಸೊಸೆಯ ಎದುರು ಬೊಚ್ಚುಬಾಯಿ ತೋರಿಸಬಾರದೆಂದು ಅವಳು ಅದನ್ನು ಹಗಲೂ ರಾತ್ರಿ ಹಾಕಿಕೊಂಡೇ ಇರುತ್ತಿದ್ದಳು. ಬಾಯಿಯ ಅಂಗುಳ ಕೆಂಪಾಗಿ ಉರಿಯತೊಡಗಿದಾಗ ಇಂಡಿ ಊರಿನ ಡಾಕ್ಟರರಿಗೆ ತೋರಿಸಿದೆ.

"ಸೆಟ್ಟಿನ ಪ್ಲೇಟಿಗೆ ಬೂಷ್ಟು ಹಿಡಿತೈತಿ. ಮಲಗೂ ಮುಂದ ತಗದು ತೊಳದು ನೀರಾಗ ಇಡ್ರಿ," ಅಂದರು.

ನನ್ನ ಕಿವಿಗೆ ಬಿದ್ದದ್ದು ಬೂಷ್ಟು ಒಂದೇ. ಜೋಳದ ಚೀಲದಲ್ಲಿ ಬೇವಿನ ತಪ್ಪಲು ಹಾಕಿಟ್ಟರೆ ಹುಳ ಹಿಡಿಯುವುದಿಲ್ಲ. ಹಾಗಾದರೆ ಹಲ್ಲಿನ ಸೆಟ್ಟಿನಲ್ಲೇ ಬೇವು ಕಲಸಿದರೆ? ಇಷ್ಟು ಸರಳ ಸಂಗತಿ ಯಾವ ಡಾಕ್ಟರಿಗೂ ಹೊಳೆದಿಲ್ಲವಲ್ಲ ಎಂದು ಅವರೆಲ್ಲರ ಬಗ್ಗೆ ಮರುಕವೇ ಆಯಿತು. ಬೇವಿನೆಲೆಯನ್ನು ನೆರಳಿಗೆ ಒಣಗಿಸಿ, ಕುಟ್ಟಿ, ವಸ್ತ್ರದಲ್ಲಿ ಸೋಸಿ, ಗುಲಾಬಿ ಪುಡಿಗೆ ಬೆರೆಸಿದೆ. ಹೊರಬಂದ ಸೆಟ್ಟಿಗೆ ಹಳೆಯ ಗಾಯದ ಬಣ್ಣವಿತ್ತು. ಮೈತುಂಬ ಸಣ್ಣ ಸಣ್ಣ ತೂತು, ಎಷ್ಟು ಉಜ್ಜಿದರೂ ಹೊಳಪಿಲ್ಲ. ಔಷಧಿ ಇರುವ ವಸ್ತು ಹೀಗೇ ಇರುತ್ತದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಕ್ಕ ಹಾಕಿಕೊಂಡು ಮುಖ ಕಿವುಚಿದಳು. "ಕಹಿ ಐತಲ್ಲೋ ತಮ್ಮಾ."

"ಕಹಿ ಇದ್ದರ ಬೂಷ್ಟು ಹತ್ತಿರ ಬರಂಗಿಲ್ಲಬೇ. ಇದನ್ನ ರಾತ್ರಿನೂ ತಗಿಯೂದು ಬ್ಯಾಡ."

ಡಾಕ್ಟರರ ಮಾತನ್ನು ರದ್ದು ಮಾಡುವಷ್ಟು ದೊಡ್ಡವನಾಗಿದ್ದೆ ನಾನು. ಅಕ್ಕ ನಂಬಿದಳು. ತಮ್ಮ ಹೊಸ ನಮೂನೆಯ ಹಲ್ಲು ಕಂಡುಹಿಡಿದಿದ್ದಾನೆಂದು ಓಣಿಗೆಲ್ಲ ಹೇಳಿದಳು.

ಕೆಲವು ವಾರಗಳ ಮೇಲೆ ತಾಂಬಾಕ್ಕೆ ಹೋದಾಗ ಅವಳ ಸೊಸೆ ಬಾಗಿಲಲ್ಲೇ ತಡೆದಳು.

"ಮಾವಾರ, ಅತ್ತಿಯವರು ಭಾಳ ಉಪಾಸ ಮಾಡಾಕತ್ಯಾರ್ರಿ. ಸೋಮಾರ ಆತು, ಶನಿವಾರ ಆತು, ಈಗ ಬುಧವಾರನೂ ಹಿಡದಾರ. ಬುಧವಾರ ಯಾವ ದೇವರದ್ರಿ?"

ಒಳಗೆ ಅಕ್ಕ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನೂ ನುಂಗಲಾರದೆ ಕುಳಿತಿದ್ದಳು. ಬಾಯಿ ತೆರೆಸಿದೆ. ಅಂಗುಳ ಹಸಿ ಮಾಂಸದಂತೆ ಕೆಂಪಾಗಿತ್ತು, ಮೇಲೆ ಮೊಸರು ಸಿಡಿದಂಥ ಬಿಳಿ ಚುಕ್ಕೆ. ಕೈಯಲ್ಲಿ ಹಿಡಿದ ಸೆಟ್ಟಿನ ಒಂದೊಂದು ತೂತಿನಲ್ಲೂ ಬೂಷ್ಟು ಮನೆ ಮಾಡಿತ್ತು. ನಾನು ಅದಕ್ಕೆ ವಿಷ ಹಾಕಿರಲಿಲ್ಲ, ಖೋಲಿ ಕಟ್ಟಿಸಿಕೊಟ್ಟಿದ್ದೆ.

ಇಂಡಿಯ ಡಾಕ್ಟರರು ಆ ಸೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದನ್ನ ಯಾವ ಪುಣ್ಯಾತ್ಮ ಮಾಡ್ಯಾನೋ? ನಿನ್ನ ಕೆಲಸ ಅಲ್ಲ, ಹೌದಿಲ್ಲೋ?"

ನನಗೆ ಹೆಚ್ಚು ಕೆಲಸ ಬರುತ್ತಿದ್ದದ್ದು ಅವರಿಂದಲೇ. "ಸೋಲಾಪುರದಾಗ ಮಾಡಿಸಿದ್ದೈತ್ರಿ ಸರ್," ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅದೊಂದಕ್ಕೆ ಮಾತ್ರ ನಾನು ಒಳ್ಳೆಯ ಹೊಳಪು ಕೊಟ್ಟಿದ್ದೆ.

ಡಾಕ್ಟರರು ಅಕ್ಕನ ಕಡೆ ತಿರುಗಿದರು. "ತಮ್ಮ ಇದ ಕೆಲಸದಾಗ ಇದ್ದಾನ, ಸೋಲಾಪುರಕ್ಕ ಯಾಕ ಹೋಗಿದ್ರಿ?"

ಅಕ್ಕ ಸೆರಗನ್ನು ಬಾಯಿಗೆ ಹಿಡಿದು ನನ್ನನ್ನೊಮ್ಮೆ ನೋಡಿದಳು. "ನಂದ ತಪ್ಪಾತ್ರಿ," ಎಂದಳು. "ತಮ್ಮ ಬ್ಯಾಡಂದ. ನಾನ ಕೇಳಲಿಲ್ಲ."

ಮುಲಾಮು ಹಚ್ಚಿ ಬಾಯಿ ಮಾಯುವವರೆಗೆ ಅವಳು ಬೊಚ್ಚುಬಾಯಲ್ಲೇ ಗಂಜಿ ಕುಡಿದಳು, ಸೊಸೆಯ ಎದುರೇ. ಆಮೇಲೆ ನಾನು ಬರೀ ಗುಲಾಬಿ ಪುಡಿಯಲ್ಲಿ, ಕನ್ನಡಿಯಂತೆ ನುಣುಪಾದ ಸೆಟ್ಟು ಮಾಡಿದೆ. ಡಾಕ್ಟರರು ಅದನ್ನು ಕೂರಿಸಿ ನನ್ನ ಬೆನ್ನು ತಟ್ಟಿದರು. "ನೋಡವ್ವಾ, ಕೆಲಸಂದ್ರ ಇದು. ಸೋಲಾಪುರದವನಿಗೆ ಇದು ಬರತೈತೇನು?"

"ಅವಗ ಎಲ್ಲಿಂದ ಬರಬೇಕ್ರಿ," ಅಂದಳು ಅಕ್ಕ, ಹೊಸ ಹಲ್ಲು ಕಾಣುವಂತೆ ನನ್ನತ್ತ ನಕ್ಕು.

ನಾನು ಆ ಹೊಗಳಿಕೆಯನ್ನೂ ತೆಗೆದುಕೊಂಡೆ.